ಕೋಗಳಿ ನಾಡಿನ ಕಲ್ಲುಗಳು: ಭೂಮಿಯ ಹಳೆಯ ದಫ್ತರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಈ ಸೀಮೆಗೆ ‘ಕೋಗಳಿ ನಾಡು’ ಎಂಬ ಹಳೆಯ ಹೆಸರಿದೆ. ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂಬುದು ನೊಳಂಬವಾಡಿಯ ಒಳಗಿನ ಒಂದು ಆಡಳಿತ ವಿಭಾಗ. ಹೆಸರು ಕೊಟ್ಟ ಕೋಗಳಿಯು ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಗ್ರಾಮವಾಗಿದ್ದು, ಹಳೆಯ ಜೈನ ಬಸದಿ ಮತ್ತು ಶಾಸನಗಳಿಂದ ಇತಿಹಾಸಕಾರರಿಗೆ ಪರಿಚಿತವಾಗಿದೆ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಸೀಮೆ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಇವೆಲ್ಲವೂ ವಿಜಯನಗರ ಜಿಲ್ಲೆಯಾದವು. ಸರ್ಕಾರಿ ದಾಖಲೆಗಳಲ್ಲಿ ವಿಳಾಸ ಬದಲಾಗುತ್ತಲೇ ಇದೆ. ನೆಲ ಮಾತ್ರ ಇದ್ದಲ್ಲಿಯೇ ಇದೆ.

ಈ ನೆಲದ ಬಗ್ಗೆ ಇಲ್ಲಿಯ ಜನರೇ ಆಡುವ ಮಾತು ಒಂದೇ: ಇದು ಬರದ ನಾಡು, ಬರೀ ಕಲ್ಲು. ಮಲೆನಾಡಿನಿಂದಲೋ ಕರಾವಳಿಯಿಂದಲೋ ಬೀಗರು ಬಂದರೆ ತೋರಿಸಲು ಏನೂ ಇಲ್ಲವೆಂದು ನಮ್ಮ ಮನೆಗಳಲ್ಲಿ ಸಂಕೋಚಪಡುವುದುಂಟು. ಕಲ್ಲನ್ನು ಬಡತನದ ಗುರುತೆಂದು ತಿಳಿದ ಮೇಲೆ, ಅದನ್ನು ಒಡೆದು ಜಲ್ಲಿ ಮಾಡಿ ಮಾರಿದರೆ ನಷ್ಟವೇನು ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಈ ತಿಳುವಳಿಕೆ ತಪ್ಪು ಎಂಬುದನ್ನು ಇತಿಹಾಸದ ಆಧಾರದಿಂದ ಹೇಳಬೇಕೆಂಬುದು ನಮ್ಮ ಉದ್ದೇಶ.

ಪವಿತ್ರ ಕುರ್‌ಆನಿನ ಸೂರಃ ಫಾತಿರ್‌ನಲ್ಲಿ ಪರ್ವತಗಳ ಬಣ್ಣಬಣ್ಣದ ಪಟ್ಟೆಗಳ ಪ್ರಸ್ತಾಪವಿದೆ: ಬಿಳಿ, ಕೆಂಪು, ಕಡುಗಪ್ಪು. ಮದ್ರಸದಲ್ಲಿ ಈ ಭಾಗವನ್ನು ಕಲಿಸುವಾಗ ನಾವು ದೂರದ ಯಾವುದೋ ಪರ್ವತದ ಚಿತ್ರವನ್ನು ಮಕ್ಕಳಿಗೆ ತೋರಿಸುತ್ತೇವೆ. ಕೂಡ್ಲಿಗಿಯ ಬಿಳಿಬೂದು ಬಂಡೆ, ಸಂಡೂರಿನ ಕೆಂಪು ಗುಡ್ಡ, ಬಳ್ಳಾರಿ ದಾರಿಯ ಕರಿಕಲ್ಲಿನ ಸಾಲು ಕಿಟಕಿಯಾಚೆಗೇ ಇರುವುದು ನಮಗೆ ಹೊಳೆಯುವುದಿಲ್ಲ. ಪ್ರತಿಯೊಂದು ವಚನದಲ್ಲಿಯೂ ಆಧುನಿಕ ವಿಜ್ಞಾನವನ್ನು ಹುಡುಕುವವರ ಪೈಕಿ ನಾವಲ್ಲ. ಆದರೆ ನೋಡಿರಿ ಎಂದು ಹೇಳಿದ್ದನ್ನು ನೋಡದೆ ಇರುವುದು ವಿದ್ಯಾರ್ಥಿಗೆ ಶೋಭಿಸದು.

ನೋಡುವುದು ಹೇಗೆಂಬುದಕ್ಕೆ ಹಿಂದಿನವರಲ್ಲಿ ಉತ್ತಮ ಮಾದರಿಗಳಿವೆ. ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತಕ್ಕೆ ಬಂದ ಅಲ್-ಬಿರೂನಿಯವರು ‘ಕಿತಾಬುಲ್ ಹಿಂದ್’ನಲ್ಲಿ ನದಿಯ ಕಲ್ಲುಗಳ ಗಾತ್ರವನ್ನು ಗಮನಿಸಿದ್ದಾರೆ. ಬೆಟ್ಟದ ಹತ್ತಿರ ನದಿ ರಭಸವಾಗಿರುವಲ್ಲಿ ನೆಲವನ್ನು ಅಗೆದರೆ ದೊಡ್ಡ ಉರುಟುಗಲ್ಲುಗಳು. ದೂರ ಸರಿದಂತೆ ಕಲ್ಲು ಚಿಕ್ಕದು. ಸಮುದ್ರದ ಹತ್ತಿರ ಬರೀ ಮರಳು. ಇದರಿಂದ ಅವರು ಆ ಬಯಲು ಹಿಂದೊಮ್ಮೆ ಸಮುದ್ರವಾಗಿತ್ತು, ನದಿಗಳು ಹೊತ್ತು ತಂದ ಹೂಳಿನಿಂದ ಕ್ರಮೇಣ ತುಂಬಿತು ಎಂದು ತೀರ್ಮಾನಿಸಿದರು. ಅವರ ಸಮಕಾಲೀನರಾದ ಇಬ್ನ್ ಸೀನಾರವರೂ ‘ಅಶ್-ಶಿಫಾ’ದಲ್ಲಿ, ನೆಲ ಮೇಲೇಳುವುದರಿಂದಲೂ ನೀರಿನ ಕೊರೆತದಿಂದಲೂ ಬೆಟ್ಟಗಳು ಬಹು ದೀರ್ಘ ಕಾಲದಲ್ಲಿ ರೂಪುಗೊಳ್ಳುತ್ತವೆ ಎಂದು ಬರೆದಿದ್ದಾರೆ. ಕೈಯಲ್ಲಿ ಯಂತ್ರವಿಲ್ಲದೆ, ಒಂದು ಉರುಟುಗಲ್ಲಿನಿಂದ ಇಷ್ಟು ದೂರದವರೆಗೆ ಯೋಚಿಸಿದವರು ಅವರು.

ಬಿರೂನಿಯವರು ದಕ್ಷಿಣಕ್ಕೆ ಬರಲಿಲ್ಲ. ಬಂದಿದ್ದರೆ ಇಲ್ಲಿ ಬೇರೆಯದೇ ಲೆಕ್ಕ ಹಾಕಬೇಕಾಗುತ್ತಿತ್ತು. ಗಂಗಾ ಬಯಲು ಮೇಲೆ ಹಾಸಿದ ಹೂಳು. ಕೋಗಳಿ ನಾಡಿನಲ್ಲಿ ಅಂತಹ ಹಾಸಿಗೆಯೇ ಇಲ್ಲ, ಭೂಮಿಯ ಅಡಿಪಾಯವೇ ಬಿಸಿಲಿಗೆ ತೆರೆದುಕೊಂಡಿದೆ. ಹಿಮಾಲಯ ಏಳಲು ಆರಂಭವಾಗಿ ಸುಮಾರು 5 ಕೋಟಿ ವರ್ಷಗಳಾದವು ಎನ್ನುತ್ತಾರೆ. ಮಹಾರಾಷ್ಟ್ರದ ಕರಿಯ ಲಾವಾ ಪದರಗಳು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಡೆದು ನಿಲ್ಲಿಸಿದಂತಿರುವ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷದವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ಅದು. ಬುಲ್ಡಾಣಾ ಜಿಲ್ಲೆಯ ಲೋಣಾರಿನಲ್ಲಿ ಉಲ್ಕೆ ಬಿದ್ದು ಆದ ಸರೋವರವಿದೆ. ಆ ಸೀಮೆಯಲ್ಲಿ ಗಾಜು, ಸಾಬೂನುಗಳಿಗೆ ಬೇಕಾದ ಪದಾರ್ಥ ದೊರೆಯುತ್ತಿತ್ತೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಇವೆಲ್ಲ ಈ ವಿಶಾಲ ದೇಶದ ವಿಸ್ಮಯಗಳೇ. ಆದರೆ ವಯಸ್ಸಿನಲ್ಲಿ ಇವೆಲ್ಲವೂ ನಮ್ಮ ಕಲ್ಲಿನ ಮುಂದೆ ನಿನ್ನೆ ಮೊನ್ನೆಯ ಕೂಸುಗಳು. ಇಲ್ಲಿ ಲೆಕ್ಕ ಶುರುವಾಗುವುದೇ 250 ಕೋಟಿ ವರ್ಷಗಳಿಂದ.

ಈ ಸೀಮೆಯ ಹಾಗೂ ಸುತ್ತಲಿನ ಶಿಲೆಗಳಲ್ಲಿ ಮುಖ್ಯವಾಗಿ ಮೂರು ತಲೆಮಾರುಗಳಿವೆ. ಅತ್ಯಂತ ಹಿರಿಯದು ನೈಸ್ ಎಂಬ ಪಟ್ಟೆಪಟ್ಟೆಯ ಬೂದುಗಲ್ಲು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಎರಡನೆಯದು ‘ಧಾರವಾಡ’ ಎಂಬ ಹೆಸರಿನಿಂದ ಪ್ರಪಂಚದ ಭೂವಿಜ್ಞಾನಿಗಳಿಗೆಲ್ಲ ಪರಿಚಿತವಾದ ಶಿಲಾಪಟ್ಟಿಗಳು. ಹಳೆಯ ಸಮುದ್ರದ ತಳದಲ್ಲಿ ಸೇರಿದ ಕೆಸರು, ಲಾವಾಗಳು ಒತ್ತಡ ಮತ್ತು ಶಾಖದಿಂದ ಗಟ್ಟಿಯಾದವು ಇವು. ಇದನ್ನು ನಂಬುವುದು ಕಷ್ಟವೆನಿಸಿದವರು ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಗೆ ಹೋಗಿ ನೋಡಬಹುದು. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಆಗುವ ದಿಂಬಿನಾಕಾರದ ಕಲ್ಲುಗಳು ಅಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಬಿದ್ದಿವೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ನಾಡಿನಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು.

ಸಂಡೂರಿನ ಬೆಟ್ಟಗಳೂ ಇದೇ ಕುಟುಂಬಕ್ಕೆ ಸೇರಿದವು. ಅಲ್ಲಿಯ ಸುಣ್ಣದ ಅಂಶವುಳ್ಳ ಕಲ್ಲುಗಳಲ್ಲಿ ಪದರಪದರವಾದ ಗುಮ್ಮಟದಂತಹ ಗುರುತುಗಳು ಸಿಕ್ಕಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ಸಮುದ್ರದಲ್ಲಿ ಕಟ್ಟಿದ ಸ್ಟ್ರೋಮಟೊಲೈಟ್‌ಗಳಿವು. ಭಾರತದಲ್ಲಿ ಜೀವ ಬಿಟ್ಟುಹೋದ ಅತಿ ಹಳೆಯ ಹೆಜ್ಜೆಗಳ ಪೈಕಿ ಸೇರುತ್ತವೆ. ಇಂತಹ ಜೀವಿಗಳು ಬಿಡುಗಡೆ ಮಾಡಿದ ಆಮ್ಲಜನಕವು ಸಮುದ್ರದಲ್ಲಿ ಕರಗಿದ್ದ ಕಬ್ಬಿಣದೊಡನೆ ಸೇರಿ, ತುಕ್ಕಾಗಿ ತಳಕ್ಕಿಳಿದು, ಪದರ ಪದರ ಅದಿರಾಯಿತೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಲಾರಿಗಳಲ್ಲಿ ತುಂಬಿ ಸಾಗಿಸಿದ ಆ ಕೆಂಪು ಧೂಳಿಗೆ ಇಂತಹ ಕುಲವೃತ್ತಾಂತವಿದೆ.

ಮೂರನೆಯದು ಗ್ರಾನೈಟ್. ನಮ್ಮ ಕಣ್ಣಿಗೆ ದಿನವೂ ಬೀಳುವ ಗುಂಡುಬಂಡೆಗಳು ಇದರವು. ಕರ್ನಾಟಕದ ನಡುವೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಒಂದು ಗ್ರಾನೈಟ್ ಸಾಲು ಹಾದುಹೋಗುತ್ತದೆ. ಭೂವಿಜ್ಞಾನದಲ್ಲಿ ಅದರ ಹೆಸರು ‘ಕ್ಲೋಸ್‌ಪೇಟ್ ಗ್ರಾನೈಟ್’. ಕ್ಲೋಸ್‌ಪೇಟ್ ಎಂದರೆ ರಾಮನಗರವೇ. ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಎನಿಸಿದ್ದ ಆ ಊರು, ಅವರ ಪತನದ ನಂತರ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರನ್ನು ಪಡೆಯಿತು. ಊರಿಗೆ ಆ ಹೆಸರು ಉಳಿಯಲಿಲ್ಲ, ಕಲ್ಲಿಗೆ ಉಳಿಯಿತು. ಗುಡೇಕೋಟೆ, ಹಂಪಿಗಳ ಕಡೆಯ ಬಂಡೆಗಳೂ ಸುಮಾರು ಅದೇ ಕಾಲದ, ಎಂದರೆ ಸುಮಾರು 250 ಕೋಟಿ ವರ್ಷಗಳ ಹಿಂದಿನ ಗ್ರಾನೈಟ್.

ಈ ಗುಂಡುಗಳನ್ನು ಒಂದರ ಮೇಲೊಂದು ಇಟ್ಟವರು ಯಾರು ಎಂಬ ಪ್ರಶ್ನೆ ಇಲ್ಲಿಗೆ ಬಂದವರೆಲ್ಲರನ್ನೂ ಕಾಡಿದೆ. ವಾಲಿ ಸುಗ್ರೀವರು ಕಾಳಗದಲ್ಲಿ ಎಸೆದಾಡಿದರೆಂಬ ಕಥೆ ಹಂಪಿಯ ಸುತ್ತ ಪ್ರಚಲಿತವಾಗಿದೆ. ಭೂಕಂಪವೆಂದವರೂ ಉಂಟು, ಪ್ರಳಯವೆಂದವರೂ ಉಂಟು. ವಾಸ್ತವದಲ್ಲಿ ಇವನ್ನು ಯಾರೂ ಇಡಲಿಲ್ಲ, ಇದ್ದಲ್ಲಿಯೇ ಬಿಡಿಯಾದವು. ಗ್ರಾನೈಟ್ ನೆಲದ ಮೇಲೆ ಹುಟ್ಟುವ ಕಲ್ಲಲ್ಲ. ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ ಶಿಲಾಪಾಕವು ಬಹಳ ನಿಧಾನವಾಗಿ ಆರಿದಾಗ ಅದರಲ್ಲಿ ದಪ್ಪ ಹರಳುಗಳು ಬೆಳೆಯುತ್ತವೆ. ಮೇಲಿದ್ದ ಕಲ್ಲಿನ ಹೊದಿಕೆಯನ್ನು ಮಳೆ ಗಾಳಿಗಳು ಕೋಟ್ಯಂತರ ವರ್ಷ ಸವೆಸಿದ ಮೇಲೆ ಒಳಗಿನ ಗ್ರಾನೈಟಿನ ಭಾರ ಇಳಿದು, ಅದು ಹಿಗ್ಗಿ, ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಡುತ್ತದೆ. ತಟ್ಟೆಯಲ್ಲಿ ಬರ್ಫಿ ಕೊಯ್ದ ಹಾಗೆ ಚೌಕ ಚೌಕ ತುಂಡುಗಳಾಗುತ್ತವೆ, ಆದರೆ ಇನ್ನೂ ನೆಲದೊಳಗೇ ಇರುತ್ತವೆ. ಬಿರುಕಿನಲ್ಲಿ ನೀರಿಳಿಯುತ್ತದೆ. ಚೌಕದ ಸಪಾಟು ಬದಿಗೆ ನೀರು ಒಂದೇ ಕಡೆಯಿಂದ ತಗಲಿದರೆ, ಮೂಲೆಗೆ ಮೂರು ಕಡೆಯಿಂದ ತಗಲುತ್ತದೆ. ಆದ್ದರಿಂದ ಮೂಲೆಗಳೇ ಮೊದಲು ಕೊಳೆತು ಗರಸಾಗುತ್ತವೆ, ಚೌಕವು ಉಂಡೆಯಾಗುತ್ತದೆ. ಕೊನೆಗೆ ಮಳೆಯು ಆ ಗರಸನ್ನು ತೊಳೆದುಕೊಂಡು ಹೋದಾಗ, ಉಂಡೆಗಳು ಮೊದಲಿದ್ದ ಜಾಗದಲ್ಲಿಯೇ ಒಂದರ ಮೇಲೊಂದು ಕುಳಿತು ಹೊರಬೀಳುತ್ತವೆ. ಬಂಡೆಯ ಮೈಯಿಂದ ಈರುಳ್ಳಿ ಸಿಪ್ಪೆಯಂತೆ ಚಕ್ಕೆ ಏಳುವುದನ್ನು ಇಂದಿಗೂ ಕಾಣಬಹುದು; ಕೆಲಸ ನಿಂತಿಲ್ಲ.

ಗ್ರಾನೈಟ್ ಗಟ್ಟಿಯಾದ ಮೇಲೆ ಅದರ ಉದ್ದನೆಯ ಸೀಳುಗಳಲ್ಲಿ ಕರಿಯ ಶಿಲಾಪಾಕವು ಏರಿ ಗೋಡೆಗಳಂತೆ ನಿಂತದ್ದೂ ಉಂಟು. ಬಳ್ಳಾರಿ ಹತ್ತಿರದ ಸಂಗನಕಲ್ಲು–ಕುಪ್ಪಗಲ್ಲು ಸೀಮೆಯ ಹಿರೇಗುಡ್ಡದಲ್ಲಿ ಅಂತಹ ಒಂದು ಕರಿಕಲ್ಲಿನ ಸಾಲಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಜನರು ಇಲ್ಲಿಯ ಕಲ್ಲನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ಮಾಡುತ್ತಿದ್ದರು. ಬಂಡೆಗಳ ಮೇಲೆ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದರು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತಹ ನಾದ ಹೊಮ್ಮುತ್ತದೆ. ಬಳ್ಳಾರಿಯ ಪಶ್ಚಿಮಕ್ಕೆ ಕುಡತಿನಿಯ ಬೂದಿದಿಬ್ಬವಿದೆ. ಅದರಲ್ಲಿ ಕರಗಿ ಹೆಪ್ಪುಗಟ್ಟಿದ ಗಾಜಿನಂತಹ ಮುದ್ದೆಗಳು ಸಿಗುತ್ತಿದ್ದುದರಿಂದ, ಜ್ವಾಲಾಮುಖಿಯೇ ಇರಬೇಕೆಂಬ ಊಹೆಯೂ ಹುಟ್ಟಿತ್ತು. ರಾಕ್ಷಸನ ಚಿತೆಯ ಬೂದಿಯೆಂದು ಜನರ ನಂಬಿಕೆ. ಕೊನೆಗೆ ಅದು ಹಸುಗಳ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದದ್ದೆಂದು ಸ್ಥಿರಪಟ್ಟಿತು. ಭೂಮಿಯ ಕೆಲಸವನ್ನು ಮನುಷ್ಯರದೆಂದೂ, ಮನುಷ್ಯರ ಕೆಲಸವನ್ನು ಭೂಮಿಯದೆಂದೂ ಭಾವಿಸಿದ ಪ್ರಸಂಗಗಳು ಈ ಸೀಮೆಯಲ್ಲಿ ಎರಡೂ ಇವೆ.

ಮತ್ತೆ ಕೋಗಳಿ ನಾಡಿಗೆ ಬರೋಣ. ಹರಪನಹಳ್ಳಿಯ ಬಾಗಳಿ, ಹಡಗಲಿಯ ಕುರುವತ್ತಿ, ಹಿರೇಹಡಗಲಿ, ಮಾಗಳ ಮುಂತಾದೆಡೆ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿವೆ. ಅವುಗಳ ಕೆತ್ತನೆಯು ಆಭರಣದ ಕುಸುರಿಯಷ್ಟು ನಯವಾದುದು. ಅಲ್ಲಿಂದ ಪೂರ್ವಕ್ಕೆ ಹಂಪಿಗೆ ಬಂದರೆ, ಕಟ್ಟಡಗಳು ದೊಡ್ಡವು, ಗಂಭೀರವಾದವು, ಕುಸುರಿ ಕಡಿಮೆ. ಇದನ್ನು ಅರಸರ ಅಭಿರುಚಿಯ ವ್ಯತ್ಯಾಸವೆಂದಷ್ಟೇ ಹೇಳಿದರೆ ಅರ್ಧ ಮಾತಾಗುತ್ತದೆ. ಪಶ್ಚಿಮದ ಶಿಲ್ಪಿಗಳು ಬಳಸಿದ್ದು ಧಾರವಾಡ ಶಿಲಾಪಟ್ಟಿಗಳಲ್ಲಿ ದೊರೆಯುವ ಬಳಪದ ಕಲ್ಲನ್ನು. ಅಗೆದು ತೆಗೆದಾಗ ಅದು ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ. ನಮ್ಮ ಹಿರಿಯರು ಸ್ಲೇಟಿನ ಮೇಲೆ ಬರೆದ ಬಳಪವೂ ಆ ಕಲ್ಲೇ. ವಿಜಯನಗರದವರ ಕಾಲಡಿಯಲ್ಲಿ ಇದ್ದದ್ದು ಗ್ರಾನೈಟ್. ಅದಕ್ಕೆ ಸಾಲಾಗಿ ಗುಳಿ ತೋಡಿ, ಬೆಣೆ ಬಡಿದು ಸೀಳಬೇಕು. ಹಂಪಿಯ ಎಷ್ಟೋ ಬಂಡೆಗಳ ಅಂಚಿನಲ್ಲಿ ಆ ಗುಳಿಗಳ ಸಾಲು ಇಂದಿಗೂ ಹಲ್ಲಿನ ಗುರುತಿನಂತೆ ಉಳಿದಿದೆ.

ನಮ್ಮ ಸಮುದಾಯದ ಇತಿಹಾಸಕ್ಕೂ ಈ ಗ್ರಾನೈಟಿಗೂ ಸಂಬಂಧವಿದೆ. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿಯು 1439ರಲ್ಲಿ ಹಂಪಿಯಲ್ಲಿ ಒಂದು ಮಸೀದಿಯನ್ನು ಕಟ್ಟಿಸಿದನು. ಅಲ್ಲಿಯ ಕನ್ನಡ ಶಾಸನವು ಅದನ್ನು ‘ಧರ್ಮಸಾಲೆ’ ಎಂದು ಕರೆದು, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದೆಂದು ಹೇಳುತ್ತದೆ. ನೋಡಲು ಅದು ಕಲ್ಲಿನ ಕಂಬ, ತೊಲೆಗಳ ಮಂಟಪವೇ. ಊರಿನ ಕಲ್ಲು, ಊರಿನ ಕಲ್ಲುಕುಟಿಗರು, ಊರಿನ ಭಾಷೆ, ನಡುವೆ ನಮಾಝಿನ ಸಾಲು. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಆ ಕಟ್ಟಡಕ್ಕೆ ಬೇಕಿಲ್ಲ.

ನಾಲ್ಕು ವರ್ಷಗಳ ನಂತರ, ಹಿಜರಿ 846ರ ಕೊನೆಯಲ್ಲಿ, ಎಂದರೆ 1443ರಲ್ಲಿ, ಹಿರಾತಿನ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ರಝಾಕ್ ಸಮರ್ಕಂದಿಯವರು ಆ ನಗರಕ್ಕೆ ಬಂದರು. ಹೊರ್ಮುಝಿನಿಂದ ಹಡಗೇರಿ, ಕಲ್ಲಿಕೋಟೆಯಲ್ಲಿ ಇಳಿದು, ಮಂಗಳೂರಿನ ಮಾರ್ಗವಾಗಿ ಘಟ್ಟ ಹತ್ತಿ ಬಂದವರು. ಸಮುದ್ರಯಾನದ ಸಂಕಟವನ್ನೂ ಕಲ್ಲಿಕೋಟೆಯ ಬೇಸರವನ್ನೂ ಅವರು ಮುಚ್ಚಿಟ್ಟಿಲ್ಲ. ಆದರೆ ವಿಜಯನಗರವನ್ನು ಕಂಡೊಡನೆ ಅವರ ಬರಹದ ಧಾಟಿಯೇ ಬದಲಾಗುತ್ತದೆ. ಒಂದರೊಳಗೊಂದು ಏಳು ಕೋಟೆಗಳು. ಹೊರಕೋಟೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹುಗಿದು ಅರ್ಧ ಮೇಲೆ ಬಿಟ್ಟು ಒತ್ತೊತ್ತಾಗಿ ನೆಟ್ಟಿದ್ದು, ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ನುಗ್ಗಲಾರದಂತೆ ಇದ್ದದ್ದು. ಕಡೆದು ನುಣುಪು ಮಾಡಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದು – ಇವನ್ನೆಲ್ಲ ಅವರು ‘ಮತ್ಲ-ಉಸ್-ಸಅದೈನ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಅಷ್ಟು ದೊಡ್ಡ ಕೋಟೆಯನ್ನು ಮನುಷ್ಯರು ಪೂರ್ತಿಯಾಗಿ ಕಟ್ಟಲಿಲ್ಲ ಎಂಬುದು ಸ್ಥಳಕ್ಕೆ ಹೋದರೆ ತಿಳಿಯುತ್ತದೆ. ಬೆಟ್ಟದ ಸಾಲು ಅರ್ಧ ಗೋಡೆಯ ಕೆಲಸ ಮಾಡಿದೆ. ಬಂಡೆಯಿಂದ ಬಂಡೆಗೆ ಗಾರೆಯಿಲ್ಲದ ಕಲ್ಲುಗೋಡೆ ಸೇರಿಸಿ ಉಳಿದದ್ದನ್ನು ಮುಚ್ಚಿದ್ದಾರೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇದೇ ಉಪಾಯವನ್ನು ಚಿಕ್ಕ ಪ್ರಮಾಣದಲ್ಲಿ ಕಾಣಬಹುದು.

ಮಣ್ಣೂ ಕಲ್ಲಿನ ಮಗುವೇ. ಗ್ರಾನೈಟ್ ಕೊಳೆತಲ್ಲಿ ಕೆಂಪು ಮಸಾರಿ, ತಗ್ಗಿನ ಕೆಲವೆಡೆ ಎರೆ. ಎರೆಯಲ್ಲಿ ಹತ್ತಿ ಬೆಳೆಯಿತು, ಹತ್ತಿ ಇದ್ದಲ್ಲಿ ಅರಳೆ ಹಿಂಜುವ ಪಿಂಜಾರ, ನದಾಫ ಮನೆತನಗಳು ನೆಲೆನಿಂತವು. ಮಸಾರಿಯ ಸೀಮೆಯಲ್ಲಿ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕೆರೆ ಕಟ್ಟುವ ಪದ್ಧತಿ ಬೆಳೆಯಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವು ಅಂತಹ ಒಂದು ಹಳೆಯ ಕೆರೆ. ಹಕ್ಕಿಗಳ ದೆಸೆಯಿಂದ ಅದು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು. ಬರದ ನಾಡಿನ ಕೆರೆಗೆ ಈ ಗೌರವ ಬಂದದ್ದನ್ನು ನಮ್ಮ ಶುಕ್ರವಾರದ ಪ್ರವಚನಗಳಲ್ಲಿ ಒಮ್ಮೆಯಾದರೂ ಪ್ರಸ್ತಾಪಿಸಬಹುದಿತ್ತು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟನ್ನು ಸಹ ಕಲ್ಲು ಮತ್ತು ಸುಣ್ಣ–ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದರು. ಅದರ ಹಿನ್ನೀರಿನಲ್ಲಿ ಈ ಸೀಮೆಯ ಹಲವು ಹಳ್ಳಿಗಳು ಮುಳುಗಿದವು.

ಈ ನೆಲವನ್ನು ಮೊದಲು ಕ್ರಮಬದ್ಧವಾಗಿ ಓದಿದವರು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದ ಅವರು 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಶಿಲಾಯುಗದ ಕೊಡಲಿಯನ್ನು ಗುರುತಿಸಿ ಪ್ರಸಿದ್ಧರಾದರು. ‘ಧಾರವಾಡ’ ಶಿಲೆಗಳಿಗೆ ಆ ಹೆಸರನ್ನಿಟ್ಟವರೂ ಅವರೇ. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಸಂಡೂರಿನ ಕಬ್ಬಿಣದ ಅದಿರಿನ ಸಮೃದ್ಧಿಯನ್ನು ಅವರು ಅಂದೇ ದಾಖಲಿಸಿದರು.

ನಂತರದ ಕಥೆ ನಮ್ಮ ಕಣ್ಣೆದುರೇ ನಡೆಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಗುಡ್ಡಗಳನ್ನು ಹಗಲಿರುಳೂ ಅಗೆದರು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ಗಂಭೀರ ಅಕ್ರಮ ನಡೆಸಿದ ಗಣಿಗಳ ಗುತ್ತಿಗೆಗಳು ರದ್ದಾದವು. ಗ್ರಾನೈಟ್ ಗುಡ್ಡಗಳ ವಿಷಯದಲ್ಲಿ ಅಂತಹ ದೊಡ್ಡ ಸುದ್ದಿಯೇನೂ ಆಗುವುದಿಲ್ಲ. ಒಂದು ಕ್ರಷರ್ ಬರುತ್ತದೆ, ರಸ್ತೆಗೂ ಮನೆಗೂ ಜಲ್ಲಿ ಬೇಕೇ ಬೇಕು. ಕೂಲಿಗೆ ಹೋಗುವವರಲ್ಲಿ ನಮ್ಮವರೂ ಇದ್ದಾರೆ, ಲಾರಿ ಇಟ್ಟವರಲ್ಲಿಯೂ ನಮ್ಮವರಿದ್ದಾರೆ. ಅವರ ಹೊಟ್ಟೆಪಾಡನ್ನು ಹಗುರವಾಗಿ ಕಾಣುವ ಉದ್ದೇಶ ನಮ್ಮದಲ್ಲ. ಆದರೆ ಎಲ್ಲ ಗುಡ್ಡವೂ ಒಂದೇ ಅಲ್ಲ. ಕಡಿದ ಕಾಡು ನೂರು ವರ್ಷಗಳಲ್ಲಿ ತಕ್ಕಮಟ್ಟಿಗೆ ಬೆಳೆಯಬಹುದು, ಬತ್ತಿದ ಕೆರೆ ಒಂದು ಒಳ್ಳೆಯ ಮಳೆಗೆ ತುಂಬಬಹುದು. ಒಡೆದ ಗುಂಡುಬಂಡೆ ಮಾತ್ರ ಮರಳಿ ಆಗುವುದಿಲ್ಲ.

ಭೂವೈಜ್ಞಾನಿಕ ಸರ್ವೇಕ್ಷಣೆಯು ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಲಾಲ್‌ಬಾಗ್, ಮರಡಿಹಳ್ಳಿ, ಸೇಂಟ್ ಮೇರೀಸ್ ದ್ವೀಪ ಮತ್ತು ಕೋಲಾರ ಸೀಮೆಯ ಪೆದ್ದಪಲ್ಲಿ ಕರ್ನಾಟಕದವು. ಕೋಗಳಿ ನಾಡಿನ ಐದು ತಾಲ್ಲೂಕುಗಳಲ್ಲಿ ಒಂದೂ ಇಲ್ಲ. ಇಂತಹ ತಾಣಗಳ ರಕ್ಷಣೆಗಾಗಿ 2022ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆಯನ್ನು ಪ್ರಕಟಿಸಿತ್ತು. ಸದ್ಯಕ್ಕೆ ಈ ಸೀಮೆಯಲ್ಲಿ ಬಂಡೆಗಳಿಗೆ ಆಸರೆಯಾಗಿರುವುದು ಮುಖ್ಯವಾಗಿ ಕರಡಿಗಳು. ಗ್ರಾನೈಟ್ ಗುಂಡುಗಳ ನಡುವಿನ ಗವಿಗಳಲ್ಲಿ ವಾಸಿಸುವ ಅವುಗಳಿಗಾಗಿ ಗುಡೇಕೋಟೆಯ ಅರಣ್ಯವನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಿದ್ದರಿಂದ, ಅದರ ಗಡಿಯೊಳಗಿನ ಕಲ್ಲೂ ಉಳಿದುಕೊಂಡಿದೆ.

ಮುಂಗಾರು ಮುಗಿದ ಮೇಲೆ ಕೂಡ್ಲಿಗಿಯಿಂದ ಗುಡೇಕೋಟೆಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯ ಪಕ್ಕ ಕುಳಿತುಕೊಳ್ಳುವುದು ಒಳ್ಳೆಯದು. ಮಳೆಗೆ ತೊಳೆದ ಬಂಡೆಯ ಮೇಲೆ ತೆಳುಗೆಂಪು ಮತ್ತು ಬಿಳಿಯ ಹರಳುಗಳು ಸ್ಪಷ್ಟವಾಗಿ ಕಾಣುವ ಕಾಲ ಅದು. ಕೋಟೆಯನ್ನು ಹತ್ತುವಾಗ ಗೋಡೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂದು ಮಕ್ಕಳನ್ನು ಕೇಳಿ ನೋಡಬಹುದು. ಕೆಲವು ಕಡೆ ದೊಡ್ಡವರಿಗೂ ಉತ್ತರ ಸಿಗುವುದಿಲ್ಲ.